ಮಡಂತ್ಯಾರಿನ ಜರ್ಮನ್ ನಕ್ಷೆ

"ಟೀಚರ್, ಜರ್ಮನಿಯವರ ನಕ್ಷೆ ಕಾಣೆಯಾಗಿದೆ! ನಾಳೆ ಹಳೆ ಕಟ್ಟಡ ಉಳಿಸುವ ಸಮಿತಿಯವರು ಬರ್ತಾರೆ. ವಾಚನಾಲಯದ ಕಟ್ಟಡ ಆ ಜರ್ಮನಿಯವರದ್ದೇ ಅಂತ ತೋರಿಸಲಿಕ್ಕೆ ಬೇರೆ ಸಾಕ್ಷಿ ಇಲ್ಲ. ಕೆಡವಿಬಿಡ್ತಾರೆ!"

ವೇಣೂರಿನಲ್ಲಿ ವಾರಿಜಾಕ್ಷಿ ಟೀಚರ ಜಗಲಿಯಲ್ಲಿ ನಿಂತು ಹೀಗೆ ಗೋಳಾಡಿದವಳು ಮಡಂತ್ಯಾರಿನ ವಾಚನಾಲಯ ನೋಡಿಕೊಳ್ಳುವ ಸುಪ್ರೀತಾ. ಟೀಚರ್ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು, ಊರಿನ ಕಳ್ಳತನಗಳನ್ನು ಪತ್ತೆ ಹಚ್ಚುವುದರಲ್ಲಿ ಎತ್ತಿದ ಕೈ. ಗುರುವಪ್ಪನಾದ ನಾನು ಹಿಂದೆ ಬಸ್ ಕಂಡಕ್ಟರ್. ಪ್ರತಿ ಪತ್ತೆಯಲ್ಲೂ ಅವರ ಜೊತೆಗಿದ್ದು, ಪ್ರತಿ ಸಲವೂ ತಪ್ಪು ಆಸಾಮಿಯನ್ನೇ ಅನುಮಾನಿಸಿದ ಖ್ಯಾತಿ ನನ್ನದು.

ಆ ಜರ್ಮನ್ ವಾಸ್ತುಶಿಲ್ಪಿ ಎರ್ವಿನ್ ಹಾಲ್‌ಬಾಖ್ ಅವರನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದೆ. ಯುದ್ಧದಲ್ಲಿ ನೆಲಸಮವಾದ ತಮ್ಮ ಊರಿನಲ್ಲಿ ಶಾಲೆ, ಪುರಭವನ, ಗ್ರಂಥಾಲಯ ಎಂದು ಹನ್ನೊಂದು ಕಟ್ಟಡ ಕಟ್ಟಿ ಹೆಸರು ಮಾಡಿದವರು. 1969ರಲ್ಲಿ ಇಲ್ಲಿಗೆ ಬಂದು ನಕ್ಷೆ ಬರೆದು, ಪಾಯ ಹಾಕಿಸಿ ಹೋದರು. ಉದ್ಘಾಟನೆಗೆ ಮರಳಿ ಬಂದಾಗ ಕಟ್ಟಡಕ್ಕೆ ಒಂದು ಸುತ್ತು ಹಾಕಿ, ನಕ್ಷೆಯ ಮೂಲೆಯಲ್ಲಿ ತಮ್ಮ ಭಾಷೆಯಲ್ಲಿ ಏನೋ ಬರೆದು, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ನಾನು ಅಕ್ಷರ ಕೂಡಿಸಿ ಪೇಪರ್ ಓದಲು ಕಲಿತದ್ದು ಅದರ ಕೆಳಗೆ ಕುಳಿತು. ಆ ಕಟ್ಟಡ ಹೋದರೆ ನನ್ನ ಬಾಲ್ಯದ ಗುರುತೇ ಹೋದಂತೆ ಎಂದು ನನಗೆ ಸಂಕಟವಾಯಿತು.

ವಾಚನಾಲಯದ ಗೋಡೆ ಖಾಲಿಯಾಗಿತ್ತು. ಮೊಳೆ ಇದ್ದಲ್ಲಿ ಅಂಗೈಯಗಲ ಹೊಸ ಬಿಳುಪು. ಟೀಚರ್ ಮುಟ್ಟಿದರೆ ಬೆರಳಿಗೆ ಸುಣ್ಣ ಅಂಟಿತು.

"ನಿನ್ನೆ ಇಲ್ಲಿ ಯಾರಿದ್ದದ್ದು?" ಎಂದು ಕೇಳಿದರು.

"ಮಧ್ಯಾಹ್ನ ನಾನು ಊಟಕ್ಕೆ ಹೋಗಿದ್ದೆ, ಬಾಗಿಲು ತೆರೆದೇ ಇತ್ತು," ಎಂದಳು ಸುಪ್ರೀತಾ. "ಜಾಗ ಅಳೆಯಲಿಕ್ಕೆ ಬಂದ ಗುತ್ತಿಗೆದಾರ ಶ್ರವಣ್ ಹೊರಗೆ ಇದ್ದರು. ಮತ್ತೆ, ಇದನ್ನು ಕಟ್ಟಿದ ರುಕ್ಮಯ್ಯ ಮೇಸ್ತ್ರಿ. ದಿನಾ ಬರ್ತಾರೆ, ನಕ್ಷೆಗೆ ಬೆನ್ನು ಹಾಕಿ ಕೂತು ಪೇಪರ್ ಓದ್ತಾರೆ."

"ಶ್ರವಣನದ್ದೇ ಕೆಲಸ," ಎಂದೆ. "ಇಲ್ಲಿ ಅಂಗಡಿ ಸಾಲು ಕಟ್ಟಲಿಕ್ಕೆ ಕಾಯ್ತಾ ಇದ್ದಾನೆ."

ಟೀಚರ್ ನಕ್ಕು ಸುಪ್ರೀತಾಳತ್ತ ತಿರುಗಿದರು. "ಸಮಿತಿಯಲ್ಲಿ ಜರ್ಮನ್ ಭಾಷೆ ಬರುವವರು ಉಂಟಾ?"

"ಉಂಟು. ಸಾತ್ವಿಕಾ ಮೇಡಂ ಜರ್ಮನಿಯಲ್ಲೇ ಓದಿದವರಂತೆ. ನಾನು ಮೊನ್ನೆ ಇಲ್ಲಿ ಎಲ್ಲರಿಗೂ ಹೇಳಿದ್ದೆ."

ಹಿಂದೆ ಮಕ್ಕಳಿಂದ ಬರೆಸಲೆಂದು ಟೀಚರ್ ಆ ನಕ್ಷೆಯನ್ನು, ಮೂಲೆಯ ಬರಹ ಬಿಟ್ಟು, ತಮ್ಮ ಡ್ರಾಯಿಂಗ್ ಪುಸ್ತಕದಲ್ಲಿ ನಕಲು ಮಾಡಿಟ್ಟಿದ್ದರು. ಚೀಲದಲ್ಲಿ ತಂದಿದ್ದ ಆ ಹಳೆಯ ಪುಸ್ತಕವನ್ನು ಬಿಚ್ಚಿ, ಒಮ್ಮೆ ಅದನ್ನೂ ಒಮ್ಮೆ ವಾಚನಾಲಯದ ಪೂರ್ವ ಗೋಡೆಯ ದೊಡ್ಡ ಕಿಟಕಿಗಳನ್ನೂ ಬಹಳ ಹೊತ್ತು ನೋಡಿದರು.

ಮರುದಿನ ಬೆಳಿಗ್ಗೆ ಸಮಿತಿಯವರೂ ಬಂದು ಎಲ್ಲರೂ ವಾಚನಾಲಯದಲ್ಲಿ ಸೇರಿದರು. ಶ್ರವಣ್ ಗಡಿಯಾರ ನೋಡುತ್ತಿದ್ದ. ಎಂಬತ್ತೆರಡರ ರುಕ್ಮಯ್ಯ ಮೂಲೆಯಲ್ಲಿ ತಲೆ ತಗ್ಗಿಸಿದ್ದರು.

"ನಕ್ಷೆಯ ಚೌಕಟ್ಟು ಕೀಳುವಾಗ ಗೋಡೆಯ ಗಾರೆ ಉದುರಿತು," ಎಂದರು ಟೀಚರ್. "ಕದ್ದವನು ಓಡಿಹೋಗಲಿಲ್ಲ. ಸುಣ್ಣ ಕಲಸಿ ತಂದು, ನುಣ್ಣಗೆ ತಿಕ್ಕಿ, ಸರಿಮಾಡಿ ಹೋದ. ಕೆಡವಲಿಕ್ಕೆ ಬಂದವನು ಗೋಡೆ ರಿಪೇರಿ ಮಾಡ್ತಾನಾ? ಹಾಳಾದ ಗೋಡೆಯನ್ನು ಹಾಗೇ ಬಿಟ್ಟು ಹೋಗಲಿಕ್ಕೆ ಅದನ್ನು ಕಟ್ಟಿದವನಿಗೆ ಮಾತ್ರ ಮನಸ್ಸು ಬರುವುದಿಲ್ಲ. ನಕ್ಷೆಯಲ್ಲಿ ದೊಡ್ಡ ಕಿಟಕಿಗಳು ಪಶ್ಚಿಮಕ್ಕೆ ಉಂಟು, ಕಟ್ಟಡದಲ್ಲಿ ಪೂರ್ವಕ್ಕೆ. ಜರ್ಮನಿಯವರು ಊರಲ್ಲಿ ಇಲ್ಲದಾಗ ಅದನ್ನು ಬದಲಿಸಿದ್ದು ನೀವು. ಅವರು ಬರೆದದ್ದು ಬೈಗಳ ಅಂತ ಹೆದರಿದಿರಿ. ಓದುವವರು ಬರ್ತಾರೆ ಅಂತ ಗೊತ್ತಾದ ಕೂಡಲೇ ತೆಗೆದಿರಿ. ಅಲ್ಲವಾ ಮೇಸ್ತ್ರಿಗಳೇ?"

ರುಕ್ಮಯ್ಯ ಬೆಂಚಿನಡಿಯಿಂದ ಚೀಲ ಎಳೆದು ನಕ್ಷೆಯನ್ನು ಹೊರತೆಗೆದರು. "ಪಡುವಣದ ಮಳೆಗೆ ಗಾಜು ಇಟ್ಟರೆ ಪುಸ್ತಕ ಉಳೀತದಾ ಟೀಚರ್? ಅವರ ಚಳಿ ಊರಲ್ಲಿ ಬಿಸಿಲು ಬೇಕು, ಸರಿ. ಕೇಳುವ ಅಂದರೆ ಅವರು ಇರಲಿಲ್ಲ. ಬಂದವರು ಒಂದು ಮಾತೂ ಆಡಲಿಲ್ಲ, ಬರೆದಿಟ್ಟು ಹೋದರು. ಇಂದು ಪುನಃ ಇಲ್ಲಿಗೆ ತಂದೆ. ಆದರೆ ಕೊಡಲಿಕ್ಕೆ ಧೈರ್ಯ ಬರಲಿಲ್ಲ."

ಸಾತ್ವಿಕಾ ನಕ್ಷೆಯನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಓದಿ ಹೇಳಿದರು. "'ನನ್ನ ನಕ್ಷೆ ತಪ್ಪು, ರುಕ್ಮಯ್ಯನ ಗೋಡೆ ಸರಿ. ಹನ್ನೊಂದು ಕಟ್ಟಡ ಕಟ್ಟಿದ ಮೇಲೆ, ಮಳೆ ಎಲ್ಲಿಂದ ಬರುತ್ತದೆಂದು ಊರಿನವರನ್ನು ಕೇಳಬೇಕೆಂದು ಇಲ್ಲಿ ಕಲಿತೆ. ಈ ಕಟ್ಟಡ ನಮ್ಮಿಬ್ಬರದು.' ಕೆಳಗೆ ಅವರ ಸಹಿ ಉಂಟು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಕಟ್ಟಡ ಉಳೀತದೆ."

ಶ್ರವಣ್ ಟೇಪು ಸುತ್ತಿಕೊಂಡು ಹೊರಟ. ಸುಪ್ರೀತಾ ಅತ್ತೇಬಿಟ್ಟಳು. ನನ್ನ ಕಣ್ಣೂ ಒಣಗಿರಲಿಲ್ಲ, ಸುಳ್ಳೇಕೆ ಹೇಳಲಿ?

"ಐವತ್ತೈದು ವರ್ಷ," ಎಂದರು ರುಕ್ಮಯ್ಯ. "ಯಾರಾದರೂ ಓದಿ ಹೇಳಬಹುದಿತ್ತು ಮಾರಾಯ್ರೆ."

ಆಮೇಲೆ ಸುತ್ತಿಗೆ ಕೇಳಿ ಪಡೆದು, ತಾವೇ ಮೊಳೆ ಹೊಡೆದು ನಕ್ಷೆ ತೂಗುಹಾಕಿದರು. ತಮ್ಮ ಕುರ್ಚಿಯನ್ನು ಅದರ ಎದುರಿಗೆ ತಿರುಗಿಸಿಕೊಂಡು ಕುಳಿತರು. ಅಂದಿನ ಪೇಪರ್ ಮಡಿಲಲ್ಲೇ ಉಳಿಯಿತು.