ಕೋಟೆಯೊಳಗಿಂದ ಊಟದ ಕರೆ

ಹೆಂಡತಿ ತೀರಿಕೊಂಡ ಮೇಲೆ ರವಿವಾರ ಶಹಾಪುರದ ಮನೆಯಲ್ಲಿ ಕೂರಲಾಗದೆ ನಾನು ಹಾಳು ಕೋಟೆಗಳನ್ನು ನೋಡುತ್ತ ತಿರುಗುತ್ತೇನೆ. ಮೊನ್ನೆ ಖಾನಾಪುರದಾಚೆ ಕಾಡಿನ ನಡುವಿನ ಕೋಟೆಯೊಂದಕ್ಕೆ ಹೋಗಿದ್ದೆ. ಆಟೋದವನು ತಾಲಿಬ ಕೆಳಗೇ ನಿಂತ. ಊಟದ ಡಬ್ಬಿಯನ್ನು ಆಟೋದಲ್ಲೇ ಬಿಟ್ಟು ಗುಡ್ಡ ಹತ್ತಿದೆ.

ಮೇಲೆ ಮುರಿದ ಗೋಡೆಗಳು, ಹುಲ್ಲು, ಅಷ್ಟೇ. ಬಿಸಿಲು ಇಳಿಯುತ್ತಿದ್ದಂತೆ ಹಕ್ಕಿಗಳ ದನಿ ಒಮ್ಮೆಲೇ ನಿಂತಿತು. ಗೋಡೆಯಾಚೆಯಿಂದ ಮುದುಕಿಯೊಬ್ಬಳು ಕೂಗಿದಳು: "ಹೊತ್ತು ಮುಳುಗಾಕತ್ತೈತಿ, ಉಣ್ಣಾಕ ಬಾರೋ ಯಪ್ಪಾ."

ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಈ ಕರೆ ಕೇಳಿಯೇ ಬೆಳೆದವನು ನಾನು. ಹೆಂಡತಿ ಹೋದ ಎರಡು ವರ್ಷದಿಂದ ಯಾರೂ ಹಾಗೆ ಕರೆದಿರಲಿಲ್ಲ. ಯೋಚಿಸುವ ಮೊದಲೇ, ಅವ್ವನಿಗೆ ಅಂದಂತೆ, "ಬಂದ್ನಿ ಬೇ" ಎಂದುಬಿಟ್ಟೆ.

ಗೋಡೆಯಾಚೆ ಯಾರೂ ಇರಲಿಲ್ಲ. ನೆರಳಿನಲ್ಲಿದ್ದ ಒಂದು ಕಲ್ಲು ಮಾತ್ರ ಆಗಷ್ಟೇ ಹೆಂಚು ಇಳಿಸಿದ ಒಲೆಯಂತೆ ಬಿಸಿಯಾಗಿತ್ತು. ಅದರ ಪಕ್ಕದಲ್ಲಿ ಒಂದು ಗಳಿಗೆ ಕುಳಿತೆ.

ಇಳಿದು ಬಂದಾಗ ಕತ್ತಲಾಗಿತ್ತು. "ಡಬ್ಬಿ ಇಲ್ಲೇ ಉಳೀತಲ್ರೀ ಸರ, ನಿಮಗ ಇವತ್ತು ಉಪಾಸ ಅಂದ್ಕೊಂಡಿದ್ನಿ" ಎನ್ನುತ್ತ ತಾಲಿಬ ಮೊಬೈಲಿನ ಬೆಳಕು ಹಿಡಿದ. ನನ್ನ ಮುಖ ಕಂಡು ಬೆಳಕನ್ನು ಇನ್ನೂ ಹತ್ತಿರ ತಂದ.

"ಎಲ್ಲಿ ಉಂಡ್ರಿ? ತುಟಿಗೆ ತುಪ್ಪ ಹತ್ತೈತ್ರಿ."

ಒರೆಸಿಕೊಂಡೆ. ಬೆರಳು ಜಿಡ್ಡಾಯಿತು. ನನ್ನ ಡಬ್ಬಿಯಲ್ಲಿದ್ದದ್ದು ಒಣ ರೊಟ್ಟಿ. ಹೆಂಡತಿ ಹೋದ ಮೇಲೆ ನಮ್ಮ ಮನೆಯಲ್ಲಿ ತುಪ್ಪ ಕಾಸುವವರು ಯಾರೂ ಇಲ್ಲ.