ಒಂಬತ್ತನೆಯ ಲೆಕ್ಕದ ಡೌಟು

"ನಿಮ್ಮ ಸಾಫ್ಟ್‌ವೇರ್ ನನ್ನ ಮಕ್ಕಳನ್ನೆಲ್ಲ ದಡ್ಡರು ಅಂತಿದೆ. ಇದನ್ನ ಹಾಕಿದ ಪುಣ್ಯಾತ್ಮರು ಯಾರು?"

ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವನು ಮೇಜಿನ ಕೆಳಗೆ ವೈರು ಸಿಕ್ಕಿಸುತ್ತಿದ್ದ. ದನಿ ಕೇಳಿ ಏಳಹೋಗಿ ತಲೆ ಬಡಿಸಿಕೊಂಡ. ಬಾಗಿಲಲ್ಲಿ ತರ್ಕಶಾಸ್ತ್ರದ ಮೇಡಂ ನಿಂತಿದ್ದರು. ಜಗಳಕ್ಕೆಂದು ಬಂದವರು, ಅವನು ನೆತ್ತಿ ಉಜ್ಜಿಕೊಳ್ಳುವುದನ್ನು ಕಂಡು ನಗು ತಡೆಯಲು ತುಟಿ ಕಚ್ಚಿದರು. ಆ ತಡೆದ ನಗುವೇ ಅವನಿಗೆ ಮುಳುವಾಯಿತು.

ತಪ್ಪು ದೊಡ್ಡದೇನಲ್ಲ. 'ಹೀಗಾದರೆ ಹಾಗೆ' ಎನ್ನುವುದಕ್ಕೆ ಮೇಡಂ ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಕಲಿಸಿದ್ದರು. ಹೋಮ್‌ವರ್ಕ್ ಮಾಡುವಾಗ ಮಕ್ಕಳು ಕೀಬೋರ್ಡಿನ ಬಾಣ ಒತ್ತಿದರೆ ಪರದೆಯ ಮೇಲೆ ಮಿನುಗುವ ಗೆರೆ ಪಕ್ಕಕ್ಕೆ ಸರಿಯುತ್ತಿತ್ತೇ ಹೊರತು ಬಾಣ ಮೂಡುತ್ತಿರಲಿಲ್ಲ. ಕೈಗೆ ಸಿಕ್ಕಿದ್ದನ್ನು ಒತ್ತಿದ್ದರು, ಸಾಫ್ಟ್‌ವೇರ್ ಎಲ್ಲಕ್ಕೂ ಕೆಂಪು ಬಳಿದಿತ್ತು. ಅವನು ಉತ್ತರ ಬರೆಯುವ ಜಾಗದ ಕೆಳಗೇ ಬಾಣಕ್ಕೊಂದು ಬಟನ್ ಕೂರಿಸಿದ.

"ಇಷ್ಟೇನಾ?"

"ಇಷ್ಟೇ ಮೇಡಂ. ಇನ್ನು ನಿಮ್ಮ ಮಕ್ಕಳು ಜಾಣರು."

"ಜಾಣರಂತೆ! ಸುಲಭದ್ದು ಹೆಕ್ಕಿ ಮಾಡೋದರಲ್ಲಿ ಬಲು ಜಾಣರು. ಒಂದು ಲೆಕ್ಕ ಮುಗೀದೆ ಮುಂದಿನದು ತೆರೀಬಾರದು. ಬೀಗ ಹಾಕೋಕಾಗುತ್ತಾ?"

ಹಾಕಿದ.

"ನೀವೂ ವಿದ್ಯಾರ್ಥಿ ಥರ ಒಂದಿಷ್ಟು ಮಾಡಿ ನೋಡಿ. ಎಲ್ಲಿ ಕೈಕೊಡುತ್ತೆ ಅಂತ ಗೊತ್ತಾಗುತ್ತೆ. ತಿಳೀದಿದ್ರೆ ಮೇಲೆ ಬನ್ನಿ, ಹೇಳಿಕೊಡ್ತೀನಿ."

ಮೊದಲ ಲೆಕ್ಕದ ತಲೆಬುಡ ಅವನಿಗೆ ನಿಜಕ್ಕೂ ತಿಳಿಯಲಿಲ್ಲ. ಮೆಟ್ಟಿಲು ಹತ್ತಿ ಹೋದ. ಮೇಡಂ ರೂಮು ಚಿಕ್ಕದು. ಮೇಜು, ಆಚೆಗೊಂದು ಈಚೆಗೊಂದು ಕುರ್ಚಿ, ಕಿಟಕಿಯಲ್ಲಿ ಇಳಿಬಿಸಿಲು. ಅವರ ತೋಳಿಗೆ ಸೀಮೆಸುಣ್ಣದ ಪುಡಿ ಮೆತ್ತಿತ್ತು.

"ದೀಪ ಉರೀತಿದ್ರೆ ಒಳಗೆ ಯಾರೋ ಇದ್ದಾರೆ. ಇದು ನಿಜ ಅಂತಿಟ್ಕೊಳ್ಳಿ. ಈಗ ಒಳಗೆ ಯಾರೋ ಇದ್ದಾರೆ. ಹಾಗಂತ ದೀಪ ಉರೀತಿದೆ ಅನ್ನಬಹುದಾ?"

"ಅನ್ನೋಕಾಗಲ್ಲ. ಕತ್ತಲಲ್ಲೂ ಕೂತಿರಬಹುದು."

"ಕತ್ತಲಲ್ಲಿ ಯಾಕೆ ಕೂರ್ತಾರೆ?"

"ಬಾಗಿಲು ತಟ್ಟೋರು ಯಾರೂ ಇಲ್ಲ ಅಂದ್ರೆ."

ಮೇಡಂ ತಲೆ ಎತ್ತಿ ನೋಡಿದರು. ರೆಪ್ಪೆ ಬಡಿಯುವಷ್ಟು ಹೊತ್ತು, ಅಷ್ಟೇ. ಆಮೇಲೆ, ಎಂದೂ ತಡಬಡಿಸದವರು, ಪೆನ್ನಿನ ಮುಚ್ಚಳ ಹುಡುಕತೊಡಗಿದರು. ಅದು ಅವರ ಕೈಯಲ್ಲೇ ಇತ್ತು.

ಅಂದಿನಿಂದ ಅವನಿಗೆ ಲೆಕ್ಕ ತಿಳಿಯತೊಡಗಿತು. ತಿಳಿದದ್ದೇ ಕಷ್ಟಕ್ಕೆ ಬಂತು. ಡೌಟು ಮುಗಿದರೆ ಮೆಟ್ಟಿಲು ಹತ್ತುವ ನೆಪವೂ ಮುಗಿಯಿತಲ್ಲ! ಹಾಗಾಗಿ ಮನೆಯಲ್ಲಿ ಕೂತು ಒಂದೊಂದೇ ಬಿಡಿಸುವುದು, ಮೇಲೆ ಹೋಗಿ "ಎರಡನೇದು ಇನ್ನೂ ತಲೆಗೆ ಹತ್ತಿಲ್ಲ ಮೇಡಂ" ಎನ್ನುವುದು. ಒಳಗೊಳಗೇ ಅಳುಕು. ಪ್ರತಿ ಮಾತನ್ನೂ ಒರೆಗೆ ಹಚ್ಚುವವರು ಅವರು. ಸುಳ್ಳೆಂದು ತಿಳಿದ ದಿನ ಬಾಗಿಲಿಗೂ ಸೇರಿಸಲಾರರು.

"ಏನಪ್ಪಾ ಮೈದುನ, ವೈರು ಎಳೆಯೋ ಕೆಲಸಕ್ಕೆ ಇಸ್ತ್ರಿ ಶರ್ಟಾ? ಕಂಪ್ಯೂಟರು ನಾಚಿಕೊಂಡೀತು!" ಎಂದು ಒಂದು ಬೆಳಿಗ್ಗೆ ಮನೆಯಲ್ಲಿ ಅತ್ತಿಗೆ ಛೇಡಿಸಿದರು.

"ಸುಮ್ನಿರಿ ಅತ್ತಿಗೆ" ಎನ್ನುತ್ತಲೇ, ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ಅವನು ಕಾಲರ್ ಮುಟ್ಟಿ ನೋಡಿಕೊಂಡ.

ಆ ಸಂಜೆ ಕುರ್ಚಿಯಲ್ಲಿ ಕೂತವನೇ ಮೈಮರೆತು ಹೇಳಿದ: "ಮೇಡಂ, ಒಂಬತ್ತನೇ ಲೆಕ್ಕದಲ್ಲಿ ಒಂದು ಡೌಟು."

ಮೇಡಂ ಪೆನ್ನು ಕೆಳಗಿಟ್ಟರು. "ನಿನ್ನೆ ಎರಡನೇದೇ ತಲೆಗೆ ಹತ್ತಿರಲಿಲ್ಲ."

"ಹೌದು..."

"ಎಂಟು ಮುಗೀದೆ ಒಂಬತ್ತನೇದು ತೆರೆಯೋದೇ ಇಲ್ಲ. ಬೀಗ ಹಾಕಿದ್ದು ತಾವೇ."

ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕು ಕಣ್ಣು ತೆರೆದಂತಾಯಿತು. ಅವನು ಎದ್ದು ನಿಂತ.

"ತಪ್ಪಾಯ್ತು ಮೇಡಂ. ಎಲ್ಲ ಬಿಡಿಸಿ ಆಗಿದೆ. ಡೌಟಿಲ್ಲ ಅಂದ್ರೆ ಇಲ್ಲಿ ನನಗೇನು ಕೆಲಸ ಅಂತ ಸುಳ್ಳು ಹೇಳಿದೆ. ಇನ್ನು ಬರಲ್ಲ."

"ಕೂತ್ಕೊಳ್ಳಿ. ಬರಬೇಡಿ ಅಂತ ನಾನಂದ್ನಾ? ಅದು ಹೇಗೆ ಆ ತೀರ್ಮಾನಕ್ಕೆ ಬಂದ್ರಿ?"

ಅವನು ಕೂತ.

"ನೀವು ತಲೆಯಾಡಿಸೋ ಚಂದ ನೋಡಿದ್ರೇ ಗೊತ್ತಾಗ್ತಿತ್ತು, ಎಲ್ಲ ತಿಳಿದಿದೆ ಅಂತ. ನಾನೂ ಎರಡನೇ ಲೆಕ್ಕನ ರಬ್ಬರ್ ಥರ ಎಳೆದೂ ಎಳೆದೂ ಹೇಳ್ತಿದ್ದೆ." ಹೇಳುತ್ತಾ ಮೇಡಂ ಕಿವಿಯ ತುದಿ ಕೆಂಪಾಯಿತು. "ಈಗ ಒಂದು ಕೆಲಸ ಮಾಡಿ. ಉತ್ತರ ನಿಜವಾಗ್ಲೂ ಗೊತ್ತಿಲ್ಲದ್ದು ಏನಾದ್ರೂ ಇದ್ರೆ ಕೇಳಿ."

ಕಾರಿಡಾರಿನಲ್ಲಿ ಯಾರೋ ಬಕೆಟ್ಟು ಎಳೆದುಕೊಂಡು ಹೋದರು. ಆ ಸದ್ದು ಅಡಗುವವರೆಗೆ ಅವನು ಕಾದ.

"ನಿಮಗೆ ನಾನು ಒಪ್ಪಿಗೆನಾ?"

ಕ್ಲಾಸಿನಲ್ಲಿ ಪ್ರಶ್ನೆ ಮುಗಿಯುವ ಮುಂಚೆಯೇ ಉತ್ತರ ಕೊಡುವವರು, ಈಗ ಪೆನ್ನೆತ್ತಿಕೊಂಡು ಅದರ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದರು.

"ಒಪ್ಪಿಗೆ" ಎಂದರು ಕೊನೆಗೆ, ಮೆಲ್ಲಗೆ. "ಆದ್ರೆ ಮೊದಲು ಆ ಮೇಡಂ ಅನ್ನೋದನ್ನ ಬಿಡಿ."

"ಬಿಟ್ರೆ ಏನಂತ ಕರೀಲಿ, ಮೇಡಂ?"

ಇಬ್ಬರೂ ನಕ್ಕರು. ನಗು ನಿಂತಮೇಲೆ ಅವನು ಎದ್ದು, ತನ್ನ ಕುರ್ಚಿಯನ್ನು ಸದ್ದಾಗದಂತೆ ಎತ್ತಿ, ಮೇಜನ್ನು ಬಳಸಿ ತಂದು, ಅವಳ ಪಕ್ಕದಲ್ಲಿ ಇಟ್ಟುಕೊಂಡ.