ಸ್ಟೀರಿಂಗ್ ಎಣ್ಣೆಯ ಎರಡು ಶೀಶೆ

ಹಿಲ್ಮಾ ಊಟದ ತಟ್ಟೆಯನ್ನೇ ಸ್ಟೀರಿಂಗ್ ಮಾಡಿಕೊಂಡು ಎರಡೂ ಕೈಯಲ್ಲಿ ಹಿಡಿದಿದ್ದಳು. ಕೆನ್ನೆ ಉಬ್ಬಿಸಿ, ಮುಖ ಕೆಂಪಗೆ ಮಾಡಿಕೊಂಡು, ತಟ್ಟೆಯನ್ನು ತಿಣುಕುತ್ತ ತಿಣುಕುತ್ತ ತಿರುಗಿಸಿದಳು.

"ಆಮೇಲೆ ಮುಮ್ಮು ಮೊಣಕಾಲು ಕೊಟ್ಟು ಹೀಗೆ ಒತ್ತಿದ್ಲು. ಟ್ರಕ್ಕು 'ಊಂ' ಅಂತ ಗೋಳಾಡ್ತು. ಮುಮ್ಮು, 'ತಿರುಗೇ ಮುದಿ ಹಸುವೇ' ಅಂತ ಬೈದ್ಲು."

ತಮ್ಮ ಓಟಿಸ್ ಎಷ್ಟು ನಕ್ಕನೆಂದರೆ ಅವನ ಮೂಗಿನಿಂದ ಹಾಲು ಬಂತು. ಅಮ್ಮನೂ ನಕ್ಕಳು. ಮುಮ್ಮು ಎಂದರೆ ಹಿಲ್ಮಾಳ ಅಜ್ಜಿ. ಅಪ್ಪನ ಅಮ್ಮ. ಅವಳು ಅಲ್ಲೇ ಕೂತು, ತಲೆ ಎತ್ತದೆ ಸೂಪು ಕುಡಿಯುತ್ತಿದ್ದಳು.

ನಗದೇ ಇದ್ದವನು ಅಪ್ಪ ಒಬ್ಬನೇ. ಅವನು ಚಮಚ ಕೆಳಗಿಟ್ಟ.

"ಏನಮ್ಮ, ಮೊಣಕಾಲು ಕೊಟ್ಟು ತಿರುಗಿಸ್ತಿದ್ದೀಯಾ?"

"ಬೆಳಿಗ್ಗೆ ಹೊತ್ತು ಸ್ವಲ್ಪ ಬಿಗಿ ಇರುತ್ತಪ್ಪ. ಚಳಿ ಅಲ್ವಾ."

"ಚಳಿ ಹೋದ್ವರ್ಷಾನೂ ಇತ್ತಲ್ಲ. ಭುಜ ನೋಯುತ್ತೆ ಅಂತ ನೀನೇ ಹೇಳ್ತಿದ್ದೆ. ಎಪ್ಪತ್ತು ದಾಟ್ತು. ಆ ಕೆರೆ ದಾರೀಲಿ ತಿರುವು ತಪ್ಪಿದ್ರೆ ಏನ್ ಗತಿ?"

"ಇಷ್ಟು ವರ್ಷ ತಪ್ಪಿಲ್ಲ."

"ಸಾಕಮ್ಮ. ಕಾರ್ಲ್ಸನ್ ಆ ಟ್ರಕ್ಕು ಕೊಂಡ್ಕೋತೀನಿ ಅಂತ ಕೇಳ್ತಾನೇ ಇದಾನೆ. ಭಾನುವಾರ ಬಂದು ನೋಡೋಕೆ ಹೇಳ್ತೀನಿ."

ಹಿಲ್ಮಾಳ ಕೈಯಲ್ಲಿ ತಟ್ಟೆ ಇನ್ನೂ ಸ್ಟೀರಿಂಗಿನ ಹಾಗೇ ಇತ್ತು. ಅವಳು ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

ಆ ಟ್ರಕ್ಕಿನ ಮೂತಿಗೆ ಹಿಮ ತಳ್ಳುವ ದೊಡ್ಡ ಹಲಗೆ ಇತ್ತು. ಹಿಮ ಬಿದ್ದ ಬೆಳಿಗ್ಗೆಯೆಲ್ಲ ಮುಮ್ಮು ಕೆರೆ ದಾರಿಯ ಮನೆಗಳ ಅಂಗಳ ತೆರವು ಮಾಡಿಕೊಡುತ್ತಿದ್ದಳು. ಶನಿವಾರ ಬಂತೆಂದರೆ ಜೊತೆಗೆ ಹಿಲ್ಮಾ. ಮುಮ್ಮು ಅಂಗಳದ ಹಿಮ ತಳ್ಳಿದರೆ ಹಿಲ್ಮಾ ಸಲಿಕೆ ಹಿಡಿದು ಮೆಟ್ಟಿಲು ಕೆರೆಯುವುದು. ನಡುನಡುವೆ ಫ್ಲಾಸ್ಕಿನ ಬಿಸಿ ಕೋಕೋ. ವಾರದಲ್ಲಿ ಅವಳಿಗೆ ಅದಕ್ಕಿಂತ ಇಷ್ಟವಾದ ಹೊತ್ತು ಬೇರೆ ಇರಲಿಲ್ಲ.

ಮುಮ್ಮು ಪಾತ್ರೆ ತೊಳೆಯುವಾಗ ಹಿಲ್ಮಾ ಒರೆಸುವ ಬಟ್ಟೆ ಹಿಡಿದು ಪಕ್ಕಕ್ಕೆ ಬಂದಳು.

"ಮುಮ್ಮು, ನಾನು ತಮಾಷೆಗೆ ಹೇಳಿದ್ದು."

"ಗೊತ್ತು ಬಿಡೇ."

"ಶನಿವಾರ ಎಷ್ಟೊತ್ತಿಗೆ ಹೊರಡೋಣ?"

ಮುಮ್ಮು ಒಂದೇ ಲೋಟವನ್ನು ತುಂಬಾ ಹೊತ್ತು ತೊಳೆದಳು. "ಈ ಶನಿವಾರ ನೀನು ಮಲಕ್ಕೋ. ನಾನೊಬ್ಳೇ ಹೋಗ್ಬರ್ತೀನಿ."

ಬೈದಿದ್ದರೆ ವಾಸಿಯಿತ್ತು ಅನ್ನಿಸಿತು ಹಿಲ್ಮಾಳಿಗೆ.

ಮರುದಿನ ಅವಳು ಸ್ಕೂಲಿಂದ ಬಂದು ಬೂಟು ಬಿಚ್ಚುತ್ತಿದ್ದಾಗ ಮುಮ್ಮು ಪೇಟೆಯಿಂದ ವಾಪಸಾದಳು. ಟ್ರಕ್ಕನ್ನು ಹಿಂದಕ್ಕೆ ತಿರುಗಿಸಿ ಶೆಡ್ಡಿನ ಪಕ್ಕಕ್ಕೆ ನಿಲ್ಲಿಸಿದಳು. ಒಂದೇ ಕೈಯಲ್ಲಿ. ಇನ್ನೊಂದು ಕೈಯಲ್ಲಿ ಅರ್ಧ ತಿಂದ ಬನ್ನಿತ್ತು. ಟ್ರಕ್ಕು ಊಂ ಅನ್ನಲೂ ಇಲ್ಲ.

ಹಿಲ್ಮಾ ಒಂದು ಕಾಲಲ್ಲಿ ಬೂಟು ಹಾಗೇ ಬಿಟ್ಟುಕೊಂಡು ಕಿಟಕಿಯಲ್ಲಿ ನಿಂತಳು. ಬೆಳಿಗ್ಗೆ ಮೊಣಕಾಲು ಬೇಕು, ಸಂಜೆಗೆ ಒಂದು ಕೈ ಸಾಕು. ಇದು ಹೇಗೆ? ಭುಜ ಅದೇ. ಅಜ್ಜಿ ಅದೇ. ಬೆಳಿಗ್ಗೆ ಎಪ್ಪತ್ತು ದಾಟಿ ಸಂಜೆಗೆ ಯಾರಿಗೂ ವಯಸ್ಸು ಇಳಿಯುವುದಿಲ್ಲವಲ್ಲ.

ಹಾಗಾದರೆ ಬೆಳಿಗ್ಗೆ ಬಿಗಿಯಾಗುತ್ತಿದ್ದದ್ದು ಟ್ರಕ್ಕೇ ಇರಬೇಕು. ಎಂಜಿನ್ ಬೆಚ್ಚಗಿರಲೆಂದು ಇರುಳಿಡೀ ಅದಕ್ಕೆ ಕರೆಂಟಿನ ವೈರು ಚುಚ್ಚಿರುತ್ತಾರೆ. ಸ್ಟೀರಿಂಗನ್ನು ಯಾರು ಬೆಚ್ಚಗೆ ಮಾಡುತ್ತಾರೆ? ಪೇಟೆಗೆ ಓಡಿ ಬರುವಷ್ಟರಲ್ಲಿ ತಾನೇ ಬೆಚ್ಚಗಾದರೆ ಉಂಟು. ಅಪ್ಪನ ಪಿಕಪ್ಪೂ ಅದೇ ಚಳಿಯಲ್ಲಿ, ಅದೇ ಅಂಗಳದಲ್ಲಿ ನಿಂತಿರುತ್ತದೆ. ಅದು ಮಾತ್ರ ಬೆಳಿಗ್ಗೆ ಬೆಣ್ಣೆಯ ಹಾಗೆ ತಿರುಗುತ್ತದೆ. ಎರಡರ ಸ್ಟೀರಿಂಗಿಗೂ ಎಣ್ಣೆ ಹಾಕುತ್ತಾರೆ; ಆ ಎಣ್ಣೆಯೇ ಬೇರೆಬೇರೆ ಇರಬಹುದೇ?

ಹಿಲ್ಮಾ ಶೆಡ್ಡಿಗೆ ಹೋಗಿ ಹುಡುಕಿದಳು. ಮೂಲೆಯಲ್ಲಿ ಮುಮ್ಮು ಸ್ಟೀರಿಂಗಿಗೆ ಹಾಕುವ ಎಣ್ಣೆಯ ಬಾಟಲಿ. ಮೇಲಿನ ಹಲಗೆಯಲ್ಲಿ ಅಪ್ಪನದು. ಅದರ ಮೇಲೆ ದಪ್ಪಕ್ಷರದಲ್ಲಿ 'ಸಿಂಥೆಟಿಕ್' ಎಂದು ಬರೆದಿತ್ತು. ಎರಡು ಖಾಲಿ ಜಾಮ್ ಶೀಶೆಗಳಲ್ಲಿ ಒಂದಕ್ಕೆ ಇದು, ಇನ್ನೊಂದಕ್ಕೆ ಅದು ಒಂದಿಷ್ಟು ಸುರಿದು, ಮುಚ್ಚಳ ಬಿಗಿದು, ಅಪ್ಪನದಕ್ಕೆ ರಬ್ಬರ್ ಬ್ಯಾಂಡು ಹಾಕಿದಳು. ಎರಡೂ ಒಂದೇ ಕೆಂಪು. ನೋಡಿದರೆ ಅಣ್ಣತಮ್ಮಂದಿರ ಹಾಗೆ. ಶೀಶೆಗಳನ್ನು ಜಗಲಿಯ ಕಟಕಟೆ ಮೇಲಿಟ್ಟು ಮಲಗಿದಳು.

ಬೆಳಿಗ್ಗೆ ಉಸಿರು ಬಿಟ್ಟರೆ ರೆಪ್ಪೆಯ ಮೇಲೆ ಹಿಮ ಕೂರುವಂಥ ಚಳಿ. ಹಿಲ್ಮಾ ಶೀಶೆಗಳನ್ನು ಒಳಗೆ ತಂದು ನೇರ ಅಪ್ಪನ ಕಾಫಿ ಮುಂದೆ ಇಟ್ಟಳು.

"ಇದೇನೇ ಇದು? ನನ್ನ ಎಣ್ಣೆ ಯಾರು ಮುಟ್ಟಿದ್ದು?"

"ನಾನು. ಸ್ವಲ್ಪಾನೇ. ಅಪ್ಪ, ಬೈಯೋದು ಆಮೇಲೆ ಬೈ, ಈಗ ನೋಡು."

ಅವಳು ಎರಡನ್ನೂ ಒಟ್ಟಿಗೆ ಓರೆ ಮಾಡಿದಳು. ರಬ್ಬರ್ ಬ್ಯಾಂಡಿನ ಶೀಶೆಯ ಎಣ್ಣೆ ಸಲೀಸಾಗಿ ಅತ್ತ ಹರಿಯಿತು. ಇನ್ನೊಂದು ಬೆಲ್ಲದ ಪಾಕದ ಹಾಗೆ ಯೋಚನೆ ಮಾಡುತ್ತ ಮಾಡುತ್ತ ಇಳಿಯಿತು.

"ಅದು ಸತ್ತೋಯ್ತಾ?" ಎಂದು ಕೇಳಿದ ಓಟಿಸ್.

"ಇಲ್ಲ ಕಣೋ, ಚಳಿಗೆ ಗಟ್ಟಿಯಾಗಿದೆ," ಅಂದ ಅಪ್ಪ. ಅವನ ಕಣ್ಣು ಶೀಶೆಯ ಮೇಲೇ ಇತ್ತು. "ನಂದು ಸಿಂಥೆಟಿಕ್. ಫ್ಯಾಕ್ಟರೀಲಿ ಹದ ನೋಡಿ ಮಾಡ್ತಾರೆ. ಇಂಥಾ ಚಳೀಲೂ ಹರಿಯುತ್ತೆ."

"ಹಾಗಾದ್ರೆ ಬಾ, ಮುಮ್ಮು ಟ್ರಕ್ಕನ್ನ ನೀನೇ ತಿರುಗಿಸು."

ಅಪ್ಪ ಪೈಜಾಮದ ಮೇಲೇ ಬೂಟು ಏರಿಸಿಕೊಂಡು ಹೊರಟ. ಟ್ರಕ್ಕು ಸ್ಟಾರ್ಟ್ ಆಯಿತು. ಸ್ಟೀರಿಂಗು ತಿರುಗಿಸಿದ. ಊಂ. ಇನ್ನೊಂದು ಸಲ ಬಲ ಹಾಕಿದ. ಊಂ. ಆಮೇಲೆ, ಅವನಿಗೇ ಗೊತ್ತಿಲ್ಲದ ಹಾಗೆ, ಅವನ ಮೊಣಕಾಲು ಮೇಲೆ ಬಂತು.

ಮುಮ್ಮು ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಏನೋ ಆರ್ವಿ, ನಿನಗೂ ಎಪ್ಪತ್ತು ದಾಟ್ತೇನೋ?"

ಅಪ್ಪ ಕೆಳಗಿಳಿದು ಕೈ ಉಜ್ಜಿಕೊಂಡ. "ಈ ಎಣ್ಣೆ ಯಾವಾಗ ಹಾಕ್ದೆ?"

"ಬೇಸಿಗೇಲಿ ಪೈಪು ಒಡೀತಲ್ಲ, ಆಗ. ಅಂಗಡೀಲಿ ಯಾವುದು ಸಿಕ್ತೋ ಅದು."

"ಅದಕ್ಕೆ ಮುಂಚೆ ನಾನೇ ಸಿಂಥೆಟಿಕ್ ಹಾಕ್ಸಿದ್ದೆ. ನಂಗೂ ನೆನಪು ಹೋಗಿತ್ತು." ಅವನು ಟ್ರಕ್ಕಿನ ಬಾಗಿಲು ಮುಚ್ಚಿದ. "ಕಾರ್ಲ್ಸನ್‌ಗೆ ಫೋನ್ ಮಾಡ್ತೀನಿ."

"ಏನಂತ?"

"ಬರ್ಬೇಡ ಅಂತ. ಆದ್ರೆ ಎಣ್ಣೆ ಬದಲಾಯ್ಸೋವರೆಗೂ ನೀನು ಆಚೆ ಹೋಗ್ಕೂಡದು."

"ಅಪ್ಪಣೆ ಸಾಹೇಬ್ರೆ," ಅಂದಳು ಮುಮ್ಮು.

ಅಂದು ಸಂಜೆ ಮುಮ್ಮು ಮೊದಲು ಟ್ರಕ್ಕಿನ ಹಳೇ ಪುಸ್ತಕ ತೆಗೆದು, ಅಪ್ಪನ ಎಣ್ಣೆಯ ಜಾತಿ ಇದಕ್ಕೂ ಆಗುತ್ತದೆಯೇ ಎಂದು ನೋಡಿಕೊಂಡಳು. ಆಗುತ್ತಿತ್ತು. ಆಮೇಲೆ ಕೂಗಿದಳು, "ಹಿಲ್ಮಾ, ಟರ್ಕಿ ಕೋಳಿಗೆ ರಸ ಬಿಡೋ ಪಿಚಕಾರಿ ಎಲ್ಲಿದೆಯೇ?"

"ಅಡುಗೆಮನೇಲಿ. ಅಮ್ಮ ಕೊಲ್ತಾಳೆ, ಮುಮ್ಮು."

"ಹಬ್ಬ ಮುಗೀತಲ್ಲ. ಬರೋ ವರ್ಷಕ್ಕೆ ಹೊಸದು ತರೋಣ. ಕೇಳಿದ್ರೆ ಆರ್ವಿ ಹೇಳಿದ ಅನ್ನು."

ಊರಲ್ಲಿ ಎಲ್ಲರೂ ಹೀಗೇ ಮಾಡುವುದು. ಪಿಚಕಾರಿಯಿಂದ ಹಳೇ ಎಣ್ಣೆ ಹೀರಿ ಡಬ್ಬಕ್ಕೆ ಬಿಡುವುದು, ಹೊಸದು ತುಂಬುವುದು, ಸ್ಟೀರಿಂಗನ್ನು ಆ ಕಡೆ ಈ ಕಡೆ ಪೂರ್ತಿ ತಿರುಗಿಸಿ ಮತ್ತೆ ಹೀರುವುದು. ಹಿಲ್ಮಾ ಟಾರ್ಚು ಹಿಡಿದಳು.

"ಮುಂದಿನ ಹಲಗೆ ಎತ್ತೋಕೂ ಇದನ್ನೇ ಹಾಕೋಣ. ಅದೂ ಬೆಳಿಗ್ಗೆ ನಿಧಾನ."

"ಅದರ ಎಣ್ಣೆ ಬೇರೆ ಜಾತಿ. ಕಂಡಕಂಡಿದ್ದೆಲ್ಲ ಸುರಿದ್ರೆ ಕೆಟ್ಟೋಗುತ್ತೆ. ಅದಕ್ಕೂ ಚಳಿಗೆ ಆಗೋದೇ ತರ್ತೀನಿ." ಮುಮ್ಮು ಪಿಚಕಾರಿಯ ಎಣ್ಣೆಯನ್ನು ಡಬ್ಬಕ್ಕೆ ಒತ್ತಿದಳು. "ನಾನೂ ನಂಬ್ಬಿಟ್ಟಿದ್ದೆ ಕಣೇ."

"ಏನನ್ನ?"

"ಕೈಯಲ್ಲಿ ಬಲ ಹೋಯ್ತು ಅಂತ. ಅದಕ್ಕೇ ನಿನ್ನ ಬೇಡ ಅಂದಿದ್ದು. ನೀನು ನೋಡ್ತಾ ಕೂತಿದ್ರೆ ನಂಗೆ ಇನ್ನೂ ಕಷ್ಟ ಆಗ್ತಿತ್ತು."

ಹಿಲ್ಮಾ ಇನ್ನಷ್ಟು ಹತ್ತಿರ ಬಂದಳು. ಟಾರ್ಚನ್ನು ಅಲುಗಾಡದಂತೆ ಹಿಡಿದುಕೊಂಡಳು.

ಶನಿವಾರ ದಂಡಿಯಾಗಿ ಹಿಮ ಬಿದ್ದಿತ್ತು. ಇಬ್ಬರೂ ಹೊರಟರು. ಕೆರೆಯ ತಿರುವಿನಲ್ಲಿ ಸ್ಟೀರಿಂಗು ಸದ್ದಿಲ್ಲದೆ ತಿರುಗಿತು. ಮುಮ್ಮು ಹುಬ್ಬು ಹಾರಿಸಿದಳು. ಹಿಲ್ಮಾ ನಕ್ಕಳು.

ಒಂದಾದ ಮೇಲೊಂದು ಅಂಗಳದ ಹಿಮ ತಳ್ಳಿ, ಕೊನೆಯ ಮನೆಯಾದ ನೀಮಿ ಅಜ್ಜನ ಅಂಗಳವೂ ಮುಗಿಯಿತು. ಮುಮ್ಮು ಟ್ರಕ್ಕು ನಿಲ್ಲಿಸಿದಳು. ಸ್ಟೀರಿಂಗಿನಿಂದ ಕೈ ತೆಗೆದು, ಕಿಟಕಿಯ ಕಡೆ ಮುಖ ಮಾಡಿಕೊಂಡು, ಎಡಗೈಯಿಂದ ಬಲಭುಜವನ್ನು ಮೆಲ್ಲಗೆ ಒತ್ತಿಕೊಂಡಳು. ಒಮ್ಮೆ. ಇನ್ನೊಮ್ಮೆ.

ಹಿಲ್ಮಾ ನೋಡಿದಳು. ಎಣ್ಣೆ ಗಟ್ಟಿಯಾಗಿದ್ದದ್ದು ನಿಜ. ಭುಜ ನೋಯುವುದೂ ನಿಜ.

"ಆ ಅಂಚೆಪೆಟ್ಟಿಗೆ ಸುತ್ತ ನಾನು ಕೆರೀತೀನಿ," ಎನ್ನುತ್ತ ಮುಮ್ಮು ಬಾಗಿಲಿಗೆ ಕೈ ಹಾಕಿದಳು. ಯಾವಾಗಲೂ ಅದು ಅವಳದೇ ಕೆಲಸ.

"ನೀನು ಕೋಕೋ ಬಗ್ಗಿಸ್ತಿರು ಮುಮ್ಮು. ಬಂದೆ," ಎಂದಳು ಹಿಲ್ಮಾ.

ಮುಮ್ಮು ಬಾಗಿಲಿನಿಂದ ಕೈ ತೆಗೆದು ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು. ಹಿಲ್ಮಾ ಸಲಿಕೆ ಹೆಗಲಿಗೇರಿಸಿ ಕೆಳಗೆ ಹಾರಿದಳು. ಮೊಣಕಾಲುದ್ದದ ಹಿಮ ಅವಳ ಬೂಟಿನೊಳಗೆ ತಣ್ಣಗೆ ಇಳಿಯಿತು. ಅವಳು ಮೆಟ್ಟಿಲು ಕೆರೆದಳು, ಆಮೇಲೆ ಅಂಚೆಪೆಟ್ಟಿಗೆಯ ಸುತ್ತ ಕೆರೆಯತೊಡಗಿದಳು.